ಬಗ್ಗಿದ್ದು ಬೆನ್ನೋ, ಚಪ್ಪೆಯೋ?

ರಾಯಬಾಗ ತಾಲೂಕಿನ ಹಾರೂಗೇರಿಯಲ್ಲಿ ಬಗ್ಗುವುದು ದಿನದ ಕೆಲಸ. ಕಬ್ಬು ಕಡಿಯುವವರು ಬಗ್ಗುತ್ತಾರೆ, ಅಂಗಳ ಸಾರಿಸುವ ತಾಯಂದಿರು ಬಗ್ಗುತ್ತಾರೆ, ಶಾಲೆಯ ಮೈದಾನದಲ್ಲಿ ದೈಹಿಕ ಶಿಕ್ಷಕರು ಸೀಟಿ ಊದಿದರೆ ಐವತ್ತು ಮಕ್ಕಳು ಒಟ್ಟಿಗೇ ಬಗ್ಗುತ್ತಾರೆ. ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಿದವನು ಚುರುಕು, ಮುಟ್ಟದವನು ಮೈಗಳ್ಳ ಎಂದು ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ಅದೇ ಹುಡುಗ ಮನೆಗೆ ಬಂದು "ನಡಾ ಹಿಡದೈತಿ ಯವ್ವಾ" ಎಂದರೆ, "ಬಗ್ಗಿ ಕಾಲ ಮುಟ್ಟತೀಯಲ್ಲಾ, ಏನೂ ಆಗಿಲ್ಲ ತಗೋ" ಎಂಬ ಸಮಾಧಾನ ಸಿಗುತ್ತದೆ.

ಮೈದಾನದ ತೀರ್ಮಾನವೂ ತಪ್ಪಾಗಬಹುದು, ಮನೆಯ ಸಮಾಧಾನವೂ ತಪ್ಪಾಗಬಹುದು. ಏಕೆಂದರೆ ನಿಂತು ಬಗ್ಗಿದಾಗ ದೇಹ ಒಂದೇ ಕಡೆ ಮಡಿಯುವುದಿಲ್ಲ. ನಡದ ಐದು ಕಶೇರುಗಳು ಸೇರಿ ಸುಮಾರು 40ರಿಂದ 60 ಡಿಗ್ರಿಯಷ್ಟು ಬಾಗುತ್ತವೆ. ಉಳಿದದ್ದು ಬಹುಪಾಲು ಚಪ್ಪೆಯ ಕೀಲಿನದು, ಅಂದರೆ ತೊಡೆಯ ಮೂಳೆಯ ದುಂಡುತಲೆ ಸೊಂಟದ ಎಲುಬಿನ ಗುಳಿಯಲ್ಲಿ ತಿರುಗುವ ಜಾಗದ್ದು. ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿಯಾಗಿದ್ದರೆ ಚಪ್ಪೆ ತಿರುಗಲು ಬಿಡುವುದಿಲ್ಲ. ಇದರ ಜೊತೆಗೆ ಕೈ ಉದ್ದವೋ ಕಾಲು ಉದ್ದವೋ ಎಂಬ ಲೆಕ್ಕವೂ ಇದೆ. ನೆಲಕ್ಕೂ ಬೆರಳ ತುದಿಗೂ ಉಳಿದ ಅಂತರವನ್ನು ವೈದ್ಯರೂ ಅಳೆಯುತ್ತಾರೆ. ಆದರೆ ಅದು ನಾಲ್ಕು ಜನರ ದುಡಿಮೆಯನ್ನು ಒಂದೇ ಚೀಟಿಯಲ್ಲಿ ಬರೆದಂತೆ. ಯಾರು ದುಡಿದರು, ಯಾರು ಸುಮ್ಮನೆ ಕೂತರು ಎಂಬುದು ಅದರಿಂದ ಗೊತ್ತಾಗದು.

ಹನ್ನೆರಡು ಹದಿನಾಲ್ಕರ ವಯಸ್ಸಿನ ಮಕ್ಕಳ ಪಾಲಕರು ಮೊದಲು ತಿಳಿಯಬೇಕಾದ ಮಾತೊಂದಿದೆ. ಈ ವಯಸ್ಸಿನಲ್ಲಿ ಕಾಲಿನ ಮೂಳೆಗಳು ಸರಸರನೆ ಬೆಳೆಯುತ್ತವೆ, ಸ್ನಾಯುಗಳು ಹಿಂದಿನಿಂದ ಬರುತ್ತವೆ. ಹೋದ ವರ್ಷ ಕಾಲ್ಬೆರಳು ಮುಟ್ಟುತ್ತಿದ್ದ ಹುಡುಗ ಈ ವರ್ಷ ಮೊಣಕಾಲ ಕೆಳಗೇ ನಿಂತರೆ, ನೋವಿಲ್ಲದಿದ್ದರೆ, ಅದು ಬೆಳವಣಿಗೆಯ ಲೆಕ್ಕ. ಶಾಲೆಗಳ ಖೇಲೋ ಇಂಡಿಯಾ ದೈಹಿಕ ಕ್ಷಮತೆಯ ಪರೀಕ್ಷೆಯಲ್ಲಿ 9ರಿಂದ 18 ವರ್ಷದವರಿಗೆ 'ಸಿಟ್ ಅಂಡ್ ರೀಚ್' ಎಂಬ ಭಾಗವಿದೆ. ಕಾಲು ಚಾಚಿ ಕುಳಿತು, ಅಂಗಾಲನ್ನು ಪೆಟ್ಟಿಗೆಗೆ ಒತ್ತಿ, ಎರಡೂ ಕೈಗಳನ್ನು ಅಳತೆಪಟ್ಟಿಯ ಮೇಲೆ ಮುಂದಕ್ಕೆ ಸರಿಸುವುದು. 1952ರಲ್ಲಿ ಅಮೆರಿಕದ ವೆಲ್ಸ್ ಮತ್ತು ಡಿಲನ್ ಎಂಬ ಇಬ್ಬರು ಪ್ರಕಟಿಸಿದ ಪರೀಕ್ಷೆ ಇದು. ಮುಖ್ಯವಾಗಿ ತೊಡೆಯ ಹಿಂಬದಿಯ ಸ್ನಾಯು ಎಷ್ಟು ಸಡಿಲ ಎಂಬುದನ್ನೇ ಹೇಳುತ್ತದೆ. ಬೆನ್ನಿನ ಬಗ್ಗೆ ಅದು ಹೇಳುವುದು ಕಡಿಮೆ. ಇದರಲ್ಲಿ ಅಂಕ ಕಡಿಮೆ ಬಂದಿತೆಂದು ಮಗುವನ್ನು ಬೈಯುವುದೂ ಬೇಡ, ಹೆಚ್ಚು ಬಂದಿತೆಂದು ಅದರ ಬೆನ್ನುನೋವನ್ನು ತಳ್ಳಿಹಾಕುವುದೂ ಬೇಡ.

ಹಾಗಾದರೆ ಬೆನ್ನೊಂದನ್ನೇ ಅಳೆಯುವುದು ಹೇಗೆ? ಇದಕ್ಕೆ ಬೇಕಾದದ್ದು ಸಿಂಪಿಗರ ಅಂಗಡಿಯ ಟೇಪು ಮತ್ತು ಒಂದು ಪೆನ್ನು. 1937ರಲ್ಲಿ ಜರ್ಮನಿಯ ವೈದ್ಯ ಪೌಲ್ ಶೋಬರ್ ಈ ಉಪಾಯವನ್ನು ಹೇಳಿದ. 1969ರಲ್ಲಿ ಮ್ಯಾಕ್ರೇ ಮತ್ತು ರೈಟ್ ಎಂಬ ಬ್ರಿಟಿಷ್ ವೈದ್ಯರು ಅದನ್ನು ತಿದ್ದಿದರು. ನೇರವಾಗಿ ನಿಂತವನ ನಡದ ಕೆಳಗೆ, ಎರಡೂ ಕಡೆ ಕಾಣುವ ಸಣ್ಣ ಗುಳಿಗಳ ಮಟ್ಟದಲ್ಲಿ, ಬೆನ್ನೆಲುಬಿನ ನಡುಗೆರೆಯ ಮೇಲೆ ಒಂದು ಗುರುತು ಹಾಕಬೇಕು. ಅದಕ್ಕಿಂತ 10 ಸೆಂ.ಮೀ. ಮೇಲೆ ಒಂದು, 5 ಸೆಂ.ಮೀ. ಕೆಳಗೆ ಇನ್ನೊಂದು ಗುರುತು. ಮೇಲಿನದಕ್ಕೂ ಕೆಳಗಿನದಕ್ಕೂ 15 ಸೆಂ.ಮೀ. ಅಂತರವಾಯಿತು. ಈಗ ಮೊಣಕಾಲು ಮಡಿಸದೆ ಆದಷ್ಟೂ ಬಗ್ಗಲಿ, ಟೇಪನ್ನು ಚರ್ಮಕ್ಕೆ ತಾಗಿಸಿ ಮತ್ತೆ ಅಳೆಯಿರಿ. ಕಶೇರುಗಳು ಒಂದರಿಂದೊಂದು ಬಿಚ್ಚಿಕೊಂಡಂತೆ ಬೆನ್ನ ಚರ್ಮ ಹಿಗ್ಗುತ್ತದೆ. ಆರೋಗ್ಯವಂತ ತರುಣನಲ್ಲಿ 15 ಸೆಂ.ಮೀ. ಇದ್ದದ್ದು 20 ಆಗಬೇಕು, ಅದನ್ನು ದಾಟಲೂಬಹುದು. ಐದು ಸೆಂ.ಮೀ. ಕೂಡ ಹಿಗ್ಗದಿದ್ದರೆ ನಡ ಬಾಗುತ್ತಿಲ್ಲ ಎಂಬ ಗುಮಾನಿ. ಬೆರಳು ನೆಲ ಮುಟ್ಟಿದರೂ ಸರಿಯೇ! ಅಂಥವನು ಚಪ್ಪೆಯ ಸಡಿಲತನದಿಂದ ನೆಲ ಮುಟ್ಟಿರುತ್ತಾನೆ. ಪಕ್ಕದಿಂದ ನೋಡಿದರೆ ಅವನ ಬೆನ್ನು ಬಿಲ್ಲಿನಂತೆ ಕಾಣದೆ ಹಲಗೆಯಂತೆ ಚಪ್ಪಟೆಯಾಗಿರುತ್ತದೆ.

ಈ ಹಲಗೆ ಬೆನ್ನಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಸಂಧಿವಾತವೊಂದಿದೆ. ಮುದುಕರ ಮೊಣಕಾಲು ನೋವಿನಂತಲ್ಲ ಇದು. ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ಶುರುವಾಗುತ್ತದೆ. ಪಿ.ಯು.ಸಿ. ಓದುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಏಳುವಾಗ ನಡ ಕಟ್ಟಿಹಾಕಿದಂತೆ, ಹಾಸಿಗೆಯಿಂದ ಪಕ್ಕಕ್ಕೆ ಹೊರಳಿ ಕೈಯೂರಿಯೇ ಏಳಬೇಕು. ಅರ್ಧ ಗಂಟೆಗೂ ಮೀರಿ ಈ ಬಿಗಿತ. ಹೊಲಕ್ಕೆ ಹೋಗಿ ನಾಲ್ಕು ಕೆಲಸ ಮಾಡಿದರೆ ಹಗುರ, ತರಗತಿಯಲ್ಲಿ ಸುಮ್ಮನೆ ಕೂತರೆ ಮತ್ತೆ ನೋವು. ರಾತ್ರಿ ಮೂರು ನಾಲ್ಕರ ಹೊತ್ತಿಗೆ ನೋವಿನಿಂದ ಎಚ್ಚರ. ಮೂಟೆ ಎತ್ತಿ ಉಳುಕಿದ ನಡ ಇದಕ್ಕೆ ತದ್ವಿರುದ್ಧ. ಅದು ಕೆಲಸ ಮಾಡಿದರೆ ನೋಯುತ್ತದೆ, ಮಲಗಿದರೆ ಸುಮ್ಮನಾಗುತ್ತದೆ. ಈ ಒಂದು ಭೇದವನ್ನು ಮನೆಯವರು ಗಮನಿಸಿದರೆ ಅರ್ಧ ರೋಗನಿರ್ಣಯವಾದಂತೆ.

ಗಮನಿಸದಿದ್ದರೆ? ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ, ಗುಳಿಗೆ ನುಂಗಿಸಿ, ಕೊನೆಗೆ ಕಶೇರುಗಳು ಒಂದಕ್ಕೊಂದು ಬೆಸೆದುಕೊಂಡ ಮೇಲೆ ಕ್ಷ-ಕಿರಣದ ಚಿತ್ರ ತೆಗೆಸಿದಂತಾಗುತ್ತದೆ. ಈ ಚಿತ್ರಕ್ಕೆ ವೈದ್ಯಪುಸ್ತಕಗಳಲ್ಲಿ ಬಿದಿರು ಬೆನ್ನು ಎಂಬ ಹೆಸರಿದೆ. ಹಾರೂಗೇರಿಯ ಹುಡುಗರಿಗೆ ಗಣ್ಣುಗಣ್ಣಾದ ಒಣಗಿದ ಕಬ್ಬು ಎಂದರೆ ಬೇಗ ಅರ್ಥವಾದೀತು. ಬೆಸೆದ ಬೆನ್ನನ್ನು ಮತ್ತೆ ಬಿಡಿಸಲು ಔಷಧಿಯಿಲ್ಲ. ಆದರೆ ಮೊದಲೇ ಗುರುತಿಸಿದರೆ ದಿನದ ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಹೊಸ ಕಾಲದ ಚುಚ್ಚುಮದ್ದುಗಳಿಂದ ಹುಡುಗ ಎಲ್ಲರಂತೆ ದುಡಿದು ಬದುಕಬಲ್ಲ. ಮನೆಯಲ್ಲಿ ಇನ್ನೊಬ್ಬರಿಗೆ ಇದೇ ತೊಂದರೆ ಇದ್ದರೆ, ಹಿಮ್ಮಡಿ ನೋಯುತ್ತಿದ್ದರೆ, ಕಣ್ಣು ಆಗಾಗ ಕೆಂಪಾಗಿ ನೋಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಕಣ್ಣಿಗೂ ನಡಕ್ಕೂ ಏನು ಸಂಬಂಧ ಎನ್ನಬೇಡಿ, ಈ ರೋಗದಲ್ಲಿ ಸಂಬಂಧವಿದೆ. ಹಾಗೆಯೇ ಟೇಪಿನ ಅಂಕಿಯೊಂದರಿಂದಲೇ ರೋಗ ಇದೆ ಎಂದು ಹೆದರುವುದೂ ಸಲ್ಲ. ನೋವಿಗೆ ಹೆದರಿ ಪೂರ್ತಿ ಬಗ್ಗದವನ ಅಂಕಿಯೂ ಕಡಿಮೆಯೇ ಬರುತ್ತದೆ. ಶೋಬರನ ಅಳತೆ ಎಚ್ಚರಿಕೆಯ ಗಂಟೆ ಮಾತ್ರ.

ಬಗ್ಗಿಸಿ ನೋಡುವ ಇನ್ನೊಂದು ಪರೀಕ್ಷೆ ವಿಶೇಷವಾಗಿ ಹೆಣ್ಣುಮಕ್ಕಳ ತಾಯಂದಿರಿಗೆ ಗೊತ್ತಿರಬೇಕು. ಅದರ ಹಿಂದೊಂದು ಸ್ವಾರಸ್ಯದ ಕತೆಯಿದೆ. ಇಂಗ್ಲೆಂಡಿನ ಗಿಡಿಯನ್ ಮ್ಯಾಂಟೆಲ್ ವೃತ್ತಿಯಿಂದ ವೈದ್ಯ, ಹವ್ಯಾಸದಿಂದ ಭೂಗರ್ಭಶಾಸ್ತ್ರಿ. ಇಗ್ವಾನೊಡಾನ್ ಎಂಬ ಡೈನೋಸಾರನ್ನು 1825ರಲ್ಲಿ ಲೋಕಕ್ಕೆ ಪರಿಚಯಿಸಿದವನು ಅವನೇ. 1841ರಲ್ಲಿ ಕುದುರೆಗಾಡಿಯ ಅಪಘಾತವಾಯಿತು. ಅಲ್ಲಿಂದ ಮುಂದೆ ಅವನಿಗೆ ಬೆನ್ನುನೋವಿನದೇ ಬದುಕು. ಬೆನ್ನ ಮೇಲಿನ ಉಬ್ಬನ್ನು ಗೆಡ್ಡೆ ಎಂದು ತಿಳಿದವರೂ ಇದ್ದರು. 1852ರಲ್ಲಿ ಅವನು ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿದ ವಿಲಿಯಂ ಆಡಮ್ಸ್ ಎಂಬ ಶಸ್ತ್ರವೈದ್ಯನಿಗೆ ಕಂಡದ್ದು ಗೆಡ್ಡೆಯಲ್ಲ, ಪಕ್ಕಕ್ಕೆ ಬಾಗಿ ತಿರುಚಿಕೊಂಡ ಬೆನ್ನೆಲುಬು. ಹೊರಗಿನಿಂದ ಅಷ್ಟಾಗಿ ಕಾಣದ ಬಾಗು ಒಳಗೆ ಅಷ್ಟೊಂದು ಇರಬಲ್ಲದು ಎಂಬುದು ಆಡಮ್ಸನನ್ನು ಕಾಡಿರಬೇಕು. 1865ರ ತನ್ನ ಪುಸ್ತಕದಲ್ಲಿ ಅವನು ರೋಗಿಯನ್ನು ಮುಂದಕ್ಕೆ ಬಗ್ಗಿಸಿ ನೋಡುವ ಕ್ರಮವನ್ನು ವಿವರಿಸಿದ.

ಕ್ರಮ ಇಷ್ಟೇ. ಬೆನ್ನು ಕಾಣುವಂತೆ ನಿಂತ ಮಗಳು ಪಾದ ಜೋಡಿಸಿ, ಅಂಗೈ ಕೂಡಿಸಿ, ಕೈ ಜೋತುಬಿಟ್ಟು ನಿಧಾನವಾಗಿ ಮುಂದಕ್ಕೆ ಬಗ್ಗಲಿ. ತಾಯಿ ಹಿಂದೆ ಕುಳಿತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಬೇಕು. ಪಕ್ಕೆಲುಬಿನ ಭಾಗದಲ್ಲಾಗಲಿ ನಡದಲ್ಲಾಗಲಿ ಒಂದು ಕಡೆ ಉಬ್ಬು ಎದ್ದರೆ ವೈದ್ಯರಿಗೆ ತೋರಿಸಬೇಕು. ಒಂದು ಹೆಗಲು ಮೇಲೆ ಒಂದು ಕೆಳಗೆ, ಲಂಗದ ಅಂಚು ಒಂದು ಕಡೆ ಎತ್ತರ, ಒಂದು ರಟ್ಟೆಯ ಎಲುಬು ಮುಂದೆ ಚಾಚಿದಂತೆ ಕಾಣುವುದು, ಇವೂ ಸೂಚನೆಗಳೇ. ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ, ಮೈನೆರೆಯುವ ಮುಂಚಿನ ಬೆಳವಣಿಗೆಯ ರಭಸದಲ್ಲಿ, ಈ ಬಾಗು ಬೇಗ ಹೆಚ್ಚುತ್ತದೆ. ಜೋರಾಗಿ ಬಾಗುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ನೋವು ಸಾಮಾನ್ಯವಾಗಿ ಇರುವುದಿಲ್ಲ. ತೊಡಕಿರುವುದೇ ಅಲ್ಲಿ, ಏಕೆಂದರೆ ನೋವಿಲ್ಲದ್ದನ್ನು ಯಾರು ತೋರಿಸುತ್ತಾರೆ? ದಾವಣಿಯ ವಯಸ್ಸಿಗೆ ಬಂದ ಮಗಳ ಬೆನ್ನನ್ನು ತಾಯಿಯೂ ನೋಡುವುದಿಲ್ಲ.

ಸರಿಯಾದ ವಯಸ್ಸಿನಲ್ಲಿ ಗೊತ್ತಾದರೆ ಪ್ರಯೋಜನವಿದೆಯೇ ಎಂದು ಬಹಳ ಕಾಲ ವಾದವಿತ್ತು. 2013ರಲ್ಲಿ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು ಉತ್ತರ ಕೊಟ್ಟಿತು. ಬೆಳೆಯುವ ವಯಸ್ಸಿನಲ್ಲಿ ಬೆನ್ನಿಗೆ ಗಟ್ಟಿಕವಚ ತೊಟ್ಟವರಲ್ಲಿ ಶೇಕಡಾ 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗಲಿಲ್ಲ. ಸುಮ್ಮನೆ ಕಾದು ನೋಡಿದವರಲ್ಲಿ ಈ ಪ್ರಮಾಣ ಶೇಕಡಾ 48 ಮಾತ್ರ. ಬೆಳವಣಿಗೆ ಮುಗಿದ ಮೇಲೆ ಕವಚದಿಂದ ಈ ಲಾಭವಿಲ್ಲ. ಇನ್ನೊಂದು ಮಾತು. ಪುಸ್ತಕದ ಚೀಲದಿಂದ ಬೆನ್ನೆಲುಬು ಹೀಗೆ ಬಾಗುತ್ತದೆ ಎಂಬ ನಂಬಿಕೆ ಪಾಲಕರಲ್ಲಿ ಬಲವಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ಭಾರದ ಚೀಲದಿಂದ ನೋವು ಬರುವುದು ನಿಜ. ಕೇಂದ್ರದ 2020ರ ಶಾಲಾಚೀಲ ನೀತಿ ಚೀಲದ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದೆಂದು ಹೇಳಿರುವುದೂ ಒಳ್ಳೆಯದೇ. ಆದರೆ ಬಾಗಿದ ಬೆನ್ನಿಗೆ ಚೀಲವನ್ನೇ ದೂರಿ, ಚೀಲ ಬದಲಿಸಿ, ವೈದ್ಯರನ್ನು ಕಾಣದೆ ಕೂತರೆ ಬೆಳೆಯುವ ವರ್ಷಗಳು ಕೈಬಿಟ್ಟು ಹೋಗುತ್ತವೆ.

ಇನ್ನು ಚಪ್ಪೆಯ ಮಾತು. ಈ ಕೀಲು ಮಾಂಸದ ಆಳದಲ್ಲಿದೆ. ಊದಿದರೂ ಕಾಣದು, ಮುಟ್ಟಿದರೂ ತಿಳಿಯದು. ಮೇಲಾಗಿ ಅದಕ್ಕೊಂದು ಕೆಟ್ಟ ಚಾಳಿ ಇದೆ. ತಾನು ಕೆಟ್ಟು ಮೊಣಕಾಲಿನಲ್ಲಿ ನೋವು ತೋರಿಸುತ್ತದೆ. ಹತ್ತರಿಂದ ಹದಿನಾರರ ವಯಸ್ಸಿನಲ್ಲಿ, ಅದರಲ್ಲೂ ಮೈತುಂಬಿದ ಮಕ್ಕಳಲ್ಲಿ, ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರುವುದುಂಟು. ನಾಲ್ಕರಿಂದ ಎಂಟರ ಮಕ್ಕಳಲ್ಲಿ ಆ ತಲೆಗೆ ರಕ್ತ ಸಾಲದೆ ಅದು ಕುಸಿಯುವ ಪರ್ಥೀಸ್ ಎಂಬ ರೋಗವಿದೆ. ಚಪ್ಪೆಗೆ ಕ್ಷಯ ತಗಲುವುದೂ ನಮ್ಮ ದೇಶದಲ್ಲಿ ಅಪರೂಪವಲ್ಲ. ಎಲ್ಲದರಲ್ಲೂ ಮಗು ಕುಂಟುತ್ತ "ಮೊಣಕಾಲ ನೋಯ್ತೈತಿ" ಎನ್ನಬಹುದು. ಮೊಣಕಾಲಿನ ಚಿತ್ರ ತೆಗೆಸಿ, ಏನೂ ಇಲ್ಲವೆಂದು ಮನೆಗೆ ಕಳಿಸಿದರೆ ಜಾರಿದ ಮೂಳೆ ಇನ್ನಷ್ಟು ಜಾರುತ್ತದೆ.

ಚಪ್ಪೆಯನ್ನು ಪರೀಕ್ಷಿಸುವ ಹಳೆಯ ಉಪಾಯವನ್ನು ಕೊಟ್ಟವನು ಹ್ಯೂ ಓವೆನ್ ಥಾಮಸ್ (1834–1891). ಅವನ ಮನೆತನದ ಕಸುಬು ಮುರಿದ ಎಲುಬು ಕೂಡಿಸುವುದು. ನಮ್ಮ ಹಳ್ಳಿಗಳಲ್ಲಿ ಎಲುಬು ಕಟ್ಟುವವರು ಇರುವಂತೆಯೇ ವೇಲ್ಸ್ ನಾಡಿನಲ್ಲೂ ಇದ್ದರು. ಅವನ ತಂದೆಯೂ ಅಂಥವನೇ, ಆದರೆ ಮಕ್ಕಳಿಗೆ ವೈದ್ಯಶಿಕ್ಷಣ ಕೊಡಿಸಿದ. ಥಾಮಸ್ ಲಿವರ್‌ಪೂಲಿನಲ್ಲಿ ಬಡವರ ಚಿಕಿತ್ಸೆ ಮಾಡುತ್ತ ಕೈಯ ಅನುಭವಕ್ಕೆ ಓದನ್ನೂ ಸೇರಿಸಿದ. ಅವನ ಪರೀಕ್ಷೆ ಹೀಗಿದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿ, ಒಂದು ಮೊಣಕಾಲನ್ನು ಎದೆಗೆ ತಬ್ಬಿಕೊಳ್ಳಬೇಕು. ಇನ್ನೊಂದು ತೊಡೆ ನೆಲಕ್ಕೆ ಅಂಟಿಕೊಂಡೇ ಇದ್ದರೆ ಸರಿ. ಅದು ತಾನಾಗಿ ಮೇಲೆದ್ದರೆ ಆ ಕಡೆಯ ಚಪ್ಪೆ ಪೂರ್ತಿ ನೆಟ್ಟಗಾಗುತ್ತಿಲ್ಲ. ನಿಂತಾಗ ಅಂಥ ಮಗು ನಡವನ್ನು ಒಳಕ್ಕೆ ಬಾಗಿಸಿ ಈ ಕೊರತೆಯನ್ನು ಮರೆಮಾಡುತ್ತದೆ. ಮೊಣಕಾಲು ತಬ್ಬಿದೊಡನೆ ನಡ ಚಪ್ಪಟೆಯಾಗಿ ಆ ಮರೆ ಕಳಚುತ್ತದೆ.

1917ರಲ್ಲಿ ಷಿಕಾಗೋದ ನರತಜ್ಞ ಹ್ಯೂ ಪ್ಯಾಟ್ರಿಕ್ ಹೇಳಿದ ಪರೀಕ್ಷೆಯನ್ನಂತೂ ಹಾರೂಗೇರಿಯ ಮನೆಗಳು ಹೆಸರು ತಿಳಿಯದೆಯೇ ಮಾಡುತ್ತ ಬಂದಿವೆ. ಅಂಗಾತ ಮಲಗಿ ಒಂದು ಕಾಲಿನ ಹರಡನ್ನು ಇನ್ನೊಂದು ಮೊಣಕಾಲ ಮೇಲಿಟ್ಟು, ಮಡಿಸಿದ ಮೊಣಕಾಲನ್ನು ಹೊರಕ್ಕೆ ಇಳಿಬಿಡುವುದು. ಎಂದರೆ ಅರ್ಧ ಚಕ್ಕಳಮಕ್ಕಳ! ತೊಡೆಸಂದಿಯಲ್ಲಿ ನೋವೆದ್ದರೆ ಚಪ್ಪೆಯ ಕಡೆಗೂ, ಹಿಂದೆ ಕುಂಡೆಯ ಮೇಲ್ಭಾಗದಲ್ಲಿ ನೋವೆದ್ದರೆ ಬೆನ್ನೆಲುಬು ಸೊಂಟಕ್ಕೆ ಕೂಡುವ ಕೀಲಿನ ಕಡೆಗೂ ವೈದ್ಯರ ಗಮನ ಹೋಗುತ್ತದೆ. ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣುವ ಮನೆಯಲ್ಲಿ ಈ ಪರೀಕ್ಷೆ ದಿನಕ್ಕೆ ಎರಡು ಸಲ ನಡೆಯುತ್ತದೆ. ನಿನ್ನೆಯವರೆಗೆ ಎರಡೂ ಮೊಣಕಾಲು ನೆಲಕ್ಕೆ ತಾಗಿಸಿ ಕೂರುತ್ತಿದ್ದ ಮಗ ಇಂದು ಒಂದು ಮೊಣಕಾಲು ಎತ್ತಿಕೊಂಡು ಕೂತರೆ, ರೊಟ್ಟಿ ಬಡಿಸುವ ಅವ್ವನ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಪ್ಲಾಸ್ಟಿಕ್ ಕುರ್ಚಿ ಮತ್ತು ಮೇಜು ಬಂದ ಮನೆಗಳಲ್ಲಿ ಈ ಸೌಲಭ್ಯ ಹೋಯಿತು. ಕುರ್ಚಿಯ ಮೇಲೆ ಕೆಟ್ಟ ಚಪ್ಪೆಯೂ ಚೆನ್ನಾಗಿಯೇ ಕೂರುತ್ತದೆ.

ಚಪ್ಪೆ ಹೇಗೆ ಇಡೀ ಊರನ್ನೇ ಕಂಗೆಡಿಸಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಹಲವರು ಚಪ್ಪೆ ಮತ್ತು ಮೊಣಕಾಲು ನೋವಿನಿಂದ ಬಗ್ಗಿ ನಡೆಯತೊಡಗಿದರು. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿ ಹಿಡಿದು ತಿಂದ ಏಡಿ, ಹೀಗೆ ಗುಮಾನಿಗಳು ಹಬ್ಬಿದವು. ಮುಂದಿನ ಸಂಶೋಧನೆಗಳು ಇದು ವಂಶದಲ್ಲಿ ಹರಿದುಬರುವ, ಮೂಳೆಯ ಬೆಳವಣಿಗೆಯ ದೋಷ ಎಂದು ತೋರಿಸಿದವು.

ಅಂಗಾತ ಮಲಗಿಸಿ ನೆಟ್ಟಗಿರುವ ಕಾಲನ್ನು ಎತ್ತುವ ಪರೀಕ್ಷೆ ಆಸ್ಪತ್ರೆಗೆ ಹೋದ ಎಲ್ಲರಿಗೂ ಪರಿಚಿತ. ಸರ್ಬಿಯದ ಲಜಾರೆವಿಚ್ 1880ರಲ್ಲೂ, ಫ್ರಾನ್ಸಿನ ಲಾಸೆಗನ ಶಿಷ್ಯ 1881ರಲ್ಲೂ ಇದನ್ನು ಬರೆದರು. ಹೆಸರು ಮಾತ್ರ ಲಾಸೆಗನಿಗೆ ಹೋಯಿತು. ತೊಡೆಯ ಹಿಂದೆ ಮಾತ್ರ ಎಳೆದಂತಾದರೆ ಸ್ನಾಯುವಿನ ಬಿಗಿತ. ನೋವು ಮೊಣಕಾಲು ದಾಟಿ ಪಾದದವರೆಗೆ ಮಿಂಚಿನಂತೆ ಹರಿದರೆ ನರ ಒತ್ತಿಕೊಂಡಿದೆ ಎಂಬ ಸೂಚನೆ. ಇದನ್ನು ಮನೆಯಲ್ಲಿ ಮಾಡುವುದು ಬೇಡ.

ಬಗ್ಗದವರ ಬಗ್ಗೆಯೇ ಇಷ್ಟು ಹೇಳಿದರೆ ಅತಿಯಾಗಿ ಬಗ್ಗುವವರಿಗೆ ಅನ್ಯಾಯವಾದೀತು. ಅಂಗೈಯನ್ನೇ ನೆಲಕ್ಕೂರುವ, ಹೆಬ್ಬೆರಳನ್ನು ಮುಂಗೈಗೆ ತಾಗಿಸುವ ಮಕ್ಕಳು ಯೋಗ ಸ್ಪರ್ಧೆಯಲ್ಲಿ ಬಹುಮಾನ ತರುತ್ತಾರೆ. ವೈದ್ಯರಲ್ಲಿ ಇದಕ್ಕೂ 9 ಅಂಕಗಳ ಬೀಟನ್ ಲೆಕ್ಕವಿದೆ, ಅಂಗೈ ನೆಲಕ್ಕೂರಿದರೆ ಒಂದಂಕ. ಹೆಚ್ಚು ಅಂಕದ ಜೊತೆಗೆ ಕೀಲುನೋವು, ಪದೇ ಪದೇ ಉಳುಕು ಇದ್ದರೆ ಆ ಮಗುವಿಗೆ ಬೇಕಾದದ್ದು ಇನ್ನಷ್ಟು ಹಿಗ್ಗಿಸುವುದಲ್ಲ, ಸ್ನಾಯು ಬಲಪಡಿಸುವುದು.

ಬಲವಂತವಾಗಿ ಬಗ್ಗಿಸುವವರು ಬಿ.ಕೆ.ಎಸ್. ಅಯ್ಯಂಗಾರರ ಬಾಲ್ಯವನ್ನು ನೆನೆಯಬೇಕು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರು ರೋಗಗಳಿಂದ ಬಡಕಲಾಗಿದ್ದ, ಮೈ ಸೆಡೆತ ಹುಡುಗ. ಮೈಸೂರಿನಲ್ಲಿ ಗುರು ಕೃಷ್ಣಮಾಚಾರ್ಯರ ಅಪ್ಪಣೆಯಂತೆ, ಮೊದಲು ಕಲಿಯದಿದ್ದ ಹನುಮಾನಾಸನವನ್ನು ಜನರ ಮುಂದೆ ಮಾಡಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1936ರಲ್ಲಿ ಗುರುವಿನೊಡನೆ ಧಾರವಾಡ, ಬೆಳಗಾವಿಗಳ ಕಡೆ ಬಂದಾಗ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ ಅವರ ಕಣ್ಣಿಗೆ ಬಿದ್ದರು. ನಿವೃತ್ತರಾಗಿ ಪುಣೆಗೆ ಹೋದ ಗೋಖಲೆಯವರೇ 1937ರಲ್ಲಿ ಅಯ್ಯಂಗಾರರನ್ನು ಅಲ್ಲಿಗೆ ಕರೆಸಿದರು. ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳ ಆಸರೆ ಕೊಟ್ಟು ಬಗ್ಗದ ಮೈಯನ್ನು ನಿಧಾನಕ್ಕೆ ಬಗ್ಗಿಸುವ ಪದ್ಧತಿ ಮುಂದೆ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಬೆನ್ನ ಮೇಲೆ ಕೂತು ಬಗ್ಗಿಸುವ ಹಿರಿಯ ಹುಡುಗರೂ, ಬಸ್ಕಿಯ ಎಣಿಕೆ ತಪ್ಪಿದರೆ ಬೆತ್ತ ಎತ್ತುವ ವಸ್ತಾದರೂ ಇದನ್ನು ತಿಳಿದರೆ ಒಳಿತು.

ವೈದ್ಯರ ಬಳಿಗೆ ಯಾವಾಗ ಹೋಗಬೇಕು? ಬೆಳಗಿನ ಬಿಗಿತ ಮೂರು ತಿಂಗಳು ಮೀರಿದರೆ. ಬಗ್ಗಿದಾಗ ಒಂದು ಕಡೆ ಉಬ್ಬಿದರೆ. ಜ್ವರ, ತೂಕ ಇಳಿತ, ಕಾಲಿನ ಜೋಮು, ಮೂತ್ರದ ತೊಂದರೆಗಳ ಜೊತೆ ಬೆನ್ನುನೋವಿದ್ದರೆ ತಡಮಾಡದೆ. ಕುಂಟುತ್ತಿರುವ ಮಗುವಿಗೆ ಜ್ವರವಿದ್ದರೆ, ಅಥವಾ ಕಾಲೂರಲು ಆಗದಿದ್ದರೆ ಅಂದೇ. ಹಾಗೆ ಹೋಗುವಾಗ ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಬೇಕು, ಚಪ್ಪೆಯನ್ನೂ ನೋಡಿರೆಂದು ಬಾಯಿಬಿಟ್ಟು ಕೇಳಬೇಕು. ಹಾರೂಗೇರಿಯವರಿಗೆ ಹತ್ತಿರ ರಾಯಬಾಗದ ತಾಲೂಕು ಆಸ್ಪತ್ರೆ, ಮುಂದೆ ಬೆಳಗಾವಿ. ಕುಡಚಿಯಲ್ಲಿ ರೈಲು ಹತ್ತಿ ಮಿರಜಿಗೆ ಹೋಗುವ ರೂಢಿಯೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ಉಚಿತವಾಗಿ ನೋಡುತ್ತವೆ. ಹುಟ್ಟಿನಿಂದ ಬರುವ ಚಪ್ಪೆಕೀಲಿನ ದೋಷ ಅವರ ಪಟ್ಟಿಯಲ್ಲಿಯೇ ಇದೆ, ಬೆನ್ನಿನ ಬಾಗು ಇಲ್ಲ. ಆದ್ದರಿಂದ ತಂಡ ಬರುವ ದಿನ ಮಗಳನ್ನೊಮ್ಮೆ ಬಗ್ಗಿಸಿ ನೋಡಿರೆಂದು ತಾಯಿಯೇ ಕೇಳಬೇಕಾಗುತ್ತದೆ.